ಸರಿಯುವ ದಡದಲ್ಲಿ ಡೇರೆ

ಫೆಬ್ರುವರಿಯಲ್ಲಿ ಶರಾವತಿ ಹಿನ್ನೀರಿನ ದಡಕ್ಕೆ ಹೋಗಿ ಡೇರೆಯ ಗೂಟ ಹೊಡೆಯುವವರಿಗೆ ಮೊದಲ ನಾಲ್ಕು ಬೆರಳಿನಷ್ಟು ಮಣ್ಣು ಗಟ್ಟಿಯಾಗಿ ಸಿಗುತ್ತದೆ. ಬಿಸಿಲಿಗೆ ಒಣಗಿ ಬಿರುಕು ಬಿಟ್ಟ ಮಣ್ಣದು. ಅದನ್ನು ದಾಟಿದ ಮೇಲೆ ಗೂಟ ಕಲಸಿಟ್ಟ ಹಿಟ್ಟಿಗೆ ಬೆರಳು ಇಳಿದ ಹಾಗೆ ಇಳಿದುಹೋಗುತ್ತದೆ, ಕಿತ್ತು ನೋಡಿದರೆ ತುದಿಗೆಲ್ಲ ತಣ್ಣನೆಯ ಕೆಸರು. ಅಲ್ಲೇ ಪಕ್ಕದಲ್ಲಿ ಕಪ್ಪಾದ ಮರದ ಬೊಡ್ಡೆಯೊಂದು ಬೇರುಗಳನ್ನೆಲ್ಲ ಹೊರಗೆ ಚಾಚಿ ನಿಂತಿರುತ್ತದೆ. ಅಲೆಗಳು ಬೇರಿನ ಸಂದಿಯ ಮಣ್ಣನ್ನು ವರ್ಷಾವರ್ಷ ತೊಳೆದು ಒಯ್ದಿವೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡು ನೀರು ನಿಲ್ಲುವ ಮುಂಚೆ ಅದು ಕಾಡಿನ ಮರವಾಗಿತ್ತು. ಡೇರೆ ಎದ್ದಿರುವ ಈ ಜಾಗಕ್ಕೆ ಸೆಪ್ಟೆಂಬರಿನಲ್ಲಿ ಬರಬೇಕೆಂದರೆ ದೋಣಿಯೇ ಬೇಕಿತ್ತು. ಮಳೆಗಾಲ ಮುಗಿಯುವಷ್ಟರಲ್ಲಿ ಇದು ಮತ್ತೆ ನೀರಿನ ಅಡಿಯ ನೆಲ.

ಕರ್ನಾಟಕದಲ್ಲಿ ‘ಲೇಕ್‌ಸೈಡ್ ಕ್ಯಾಂಪಿಂಗ್’ ಎಂಬ ಹೆಸರಿನಲ್ಲಿ ನಡೆಯುವುದರಲ್ಲಿ ಹೆಚ್ಚಿನದು ಇಂಥ ದಡಗಳಲ್ಲಿ. ಕಬಿನಿಯಾಗಲಿ, ಭದ್ರೆಯಾಗಲಿ, ಶರಾವತಿಯಾಗಲಿ, ಬೆಂಗಳೂರಿಗೆ ಹತ್ತಿರದ ಮಂಚನಬೆಲೆಯಾಗಲಿ, ಫೋಟೋದಲ್ಲಿ ಸರೋವರದಂತೆ ಕಾಣುವುದು ಅಣೆಕಟ್ಟಿನ ಹಿಂದೆ ನಿಂತ ನೀರು. ಹಿನ್ನೀರು ಎಂಬ ಕನ್ನಡದ ಮಾತಿನಲ್ಲಿ ಈ ಸಂಗತಿ ಅಡಗಿದೆ, ಇಂಗ್ಲಿಷಿನ ಲೇಕ್‌ನಲ್ಲಿ ಅದು ಮರೆಯಾಗುತ್ತದೆ. ಸಹಜ ಸರೋವರದ ದಡ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಕಡೆ ಇರುತ್ತದೆ. ಹಿನ್ನೀರಿನ ದಡ ಸರಿಯುತ್ತಲೇ ಇರುತ್ತದೆ. ನೆಲ ಸಮತಟ್ಟಾಗಿದ್ದ ಕಡೆ ಜಲಾಶಯದ ಮಟ್ಟ ಒಂದು ಅಡಿ ಇಳಿದರೂ ನೀರಿನ ಅಂಚು ಹತ್ತಾರು ಹೆಜ್ಜೆ ಹಿಂದೆ ಹೋಗುತ್ತದೆ. ಹಿನ್ನೀರಿನಲ್ಲಿ ತಂಗಲು ಹೊರಟವರಿಗೆ ಹವಾಮಾನ ವರದಿಯಷ್ಟೇ ಉಪಯೋಗಕ್ಕೆ ಬರುವುದು, ಪತ್ರಿಕೆಗಳು ದಿನವೂ ಮೂಲೆಯಲ್ಲಿ ಅಚ್ಚುಹಾಕುವ ಜಲಾಶಯಗಳ ಮಟ್ಟದ ಪಟ್ಟಿ. ರೈತರಿಗಾಗಿ ಇರುವ ಆ ಪಟ್ಟಿಯನ್ನು ಡೇರೆಯವರೂ ಓದಬೇಕು.

ಈ ದಡಗಳಿಗೆ ಹೊರಡುವವರಲ್ಲಿ ದಕ್ಷಿಣ ಬೆಂಗಳೂರಿನವರೂ ಇದ್ದಾರೆ. ಅಲ್ಲಿನ ಹಳಬರಿಗೆ ‘ಟೆಂಟ್’ ಎಂದರೆ ಮೊದಲು ನೆನಪಾಗುವುದು ಟೂರಿಂಗ್ ಟಾಕೀಸ್. ನೆಲದ ಟಿಕೆಟ್ಟು, ಮರಳಿನ ಗುಡ್ಡೆ ಮಾಡಿಕೊಂಡು ಕೂರುವುದು, ಮಳೆ ಬಂದರೆ ಸೋರುವ ಗುಡಾರ. ಅವರ ಮೊಮ್ಮಕ್ಕಳಿಗೆ ಟೆಂಟ್ ಎಂದರೆ ಬನ್ನೇರುಘಟ್ಟ ರಸ್ತೆಯ ಡೆಕಾಥ್ಲಾನ್ ಮಳಿಗೆಯಲ್ಲಿ ಹರಡಿಟ್ಟಿರುವ, ಇಬ್ಬರು ಮಲಗುವ ನೈಲಾನ್ ಗೂಡು. ಈ ಮಕ್ಕಳು ನೀರನ್ನು ಹತ್ತಿರದಿಂದ ಕಾಣುವುದೇ ಅಪರೂಪ. ಬಿ.ಟಿ.ಎಂ. ಲೇಔಟಿನ ಮಡಿವಾಳ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಮತ್ತು ಸಾರಕ್ಕಿ ಕೆರೆಗಳಿಗೆಲ್ಲ ಬೇಲಿಯಿದೆ, ಗೇಟಿದೆ, ಬೆಳಿಗ್ಗೆ ಸಂಜೆಯ ನಿಗದಿತ ಹೊತ್ತಿದೆ. ಆ ಬೇಲಿ ಬೇಕೇ ಬೇಕಿತ್ತು. ಪುಟ್ಟೇನಹಳ್ಳಿ ಕೆರೆ ಉಳಿಯುವುದಕ್ಕೆ ಸುತ್ತಲಿನ ನಿವಾಸಿಗಳು 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ದುಡಿಯಬೇಕಾಯಿತು, ಸಾರಕ್ಕಿಯಲ್ಲಿ 2015ರಲ್ಲಿ ಒತ್ತುವರಿ ಕಟ್ಟಡಗಳನ್ನೇ ಕೆಡವಬೇಕಾಯಿತು. ಆದರೂ ಕತ್ತಲಾದ ಮೇಲೆ ನೀರಿನ ಪಕ್ಕ ಕೂತು ಕಪ್ಪೆ ಕೂಗುವುದನ್ನು ಕೇಳುವ ಸುಖ ಈ ಬಡಾವಣೆಗಳಲ್ಲಿ ಹುಟ್ಟಿದವರಿಗೆ ಊರೊಳಗೆ ಇಲ್ಲ. ಶನಿವಾರ ಬೆಳಗಿನ ಜಾವ ಬನಶಂಕರಿಯಿಂದ ಹೊರಬೀಳುವ ಕಾರುಗಳ ಡಿಕ್ಕಿಯಲ್ಲಿ ಸುರುಳಿ ಸುತ್ತಿದ ಚಾಪೆಯೂ ಗೊಜ್ಜವಲಕ್ಕಿಯ ಡಬ್ಬಿಯೂ ಇರುವುದಕ್ಕೆ ಇದೇ ಕಾರಣ.

ಆ ಕಾರುಗಳು ಹಿಡಿಯುವ ಕನಕಪುರ ರಸ್ತೆಯಲ್ಲಿ ಗಮನಿಸಬೇಕಾದ್ದೊಂದಿದೆ. ಜಯನಗರ, ಬನಶಂಕರಿಯ ನಲ್ಲಿಗಳಿಗೆ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಈ ದಾರಿಯಲ್ಲೇ ಪೈಪಿನಲ್ಲಿ ಎದುರು ಬರುತ್ತದೆ. 1974ರಲ್ಲಿ ಮೊದಲ ಹಂತ ಮುಗಿದಾಗಿನಿಂದಲೂ ಹಾರೋಹಳ್ಳಿ, ತಾತಗುಣಿಗಳ ಪಂಪುಗಳು ಈ ನೀರನ್ನು ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರಹತ್ತಿರ ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸುತ್ತಿವೆ. 2024ರ ಅಕ್ಟೋಬರಿನಲ್ಲಿ ಐದನೇ ಹಂತವೂ ಸೇರಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರಿನ ವ್ಯವಸ್ಥೆಯಾಯಿತು. ಹಲಗೂರಿನಲ್ಲಿ ಎಡಕ್ಕೆ ತಿರುಗಿ ಮುತ್ತತ್ತಿ ಕಾಡಿಗಿಳಿದು ಭೀಮೇಶ್ವರಿ ತಲುಪಿದವರ ಮುಂದೆ ಹರಿಯುವುದು ಅದೇ ಕಾವೇರಿ, ನಗರಕ್ಕೆ ಎತ್ತಿ ಉಳಿದ ನೀರು.

ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿ. ಈ ಮೂರೂ ಕಾವೇರಿಯ ದಡದಲ್ಲಿರುವ ಸರ್ಕಾರಿ ಶಿಬಿರಗಳು. ನಡೆಸುವುದು ರಾಜ್ಯ ಸರ್ಕಾರ 1980ರಲ್ಲಿ ಆರಂಭಿಸಿದ ಜಂಗಲ್ ಲಾಡ್ಜಸ್ ಅಂಡ್ ರೆಸಾರ್ಟ್ಸ್ ಸಂಸ್ಥೆ. ನೇಪಾಳದ ಟೈಗರ್ ಟಾಪ್ಸ್ ಕಂಪನಿಯ ಜೊತೆಗೂಡಿ ಶುರುವಾದ ಸಂಸ್ಥೆ ಆಮೇಲೆ ಪೂರ್ತಿ ಸರ್ಕಾರದ್ದಾಯಿತು. ಜಯನಗರದಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಬನ್ನೇರುಘಟ್ಟದ ಶಿಬಿರ, ಕಬಿನಿ ಹಿನ್ನೀರಿನ ಕಾರಾಪುರ, ಭದ್ರಾ ಹಿನ್ನೀರಿನ ಲಕ್ಕವಳ್ಳಿ, ಜೋಗದ ಬಳಿಯ ಶರಾವತಿ ಶಿಬಿರ ಎಲ್ಲವೂ ಇದರವೇ. ಇವುಗಳಲ್ಲಿ ಹಲವು ಕಡೆ ‘ಟೆಂಟ್’ ಎಂದು ಕೊಡುವುದಕ್ಕೆ ನೆಲದಲ್ಲಿ ಸಿಮೆಂಟಿನ ಕಟ್ಟೆ, ಮೇಲೆ ದಪ್ಪ ಕ್ಯಾನ್ವಾಸ್, ಒಳಗೆ ಮಂಚ, ಹಿಂಬದಿಗೆ ಗೋಡೆಯ ಬಚ್ಚಲು. ಊಟಕ್ಕೆ ‘ಗೋಲ್ ಘರ್’ ಎಂದು ಕರೆಯುವ ದುಂಡನೆಯ ಮನೆ. ಮುತ್ತತ್ತಿ ಕಾಡಿನ ಮಂಗಗಳು ಜಿಪ್ ಎಳೆಯುವುದನ್ನು ಚೆನ್ನಾಗಿ ಕಲಿತಿವೆ. ಹಾಗಾಗಿ ಬಂದವರಿಗೆ ಸಿಗುವ ಮೊದಲ ಎಚ್ಚರಿಕೆ ಅವುಗಳದ್ದೇ: “ಮೇಡಂ, ಹೊರಗೆ ಹೋಗೋವಾಗ ಜಿಪ್ ಪೂರ್ತಿ ಹಾಕ್ಬಿಡಿ. ಬಿಸ್ಕೆಟ್ ಪ್ಯಾಕೆಟ್ ಒಳಗಿಟ್ರೆ ಕೋತಿ ಬಿಡಲ್ಲ.”

ಸ್ವಂತ ಡೇರೆಯನ್ನು ಹೊತ್ತುಕೊಂಡು ಹೋಗಿ ಇಲ್ಲಿನ ಕಾಡಿನಲ್ಲಿ ಇಷ್ಟಬಂದಲ್ಲಿ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಹೊರಗಿನವರು ಕಾಲಿಡುವುದೂ ತಂಗುವುದೂ ಅಪರಾಧ. 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಧಾಮದಲ್ಲಿ ಆನೆಗಳು ರಾತ್ರಿ ಹೊಳೆಗೆ ನೀರು ಕುಡಿಯಲು ಇಳಿಯುತ್ತವೆ. ಅವುಗಳ ದಾರಿಗೆ ಅಡ್ಡ ನೈಲಾನಿನ ಗೂಡು ಕಟ್ಟಿಕೊಂಡು ಮಲಗುವುದು ಆನೆಗೂ ಕ್ಷೇಮವಲ್ಲ, ಮನುಷ್ಯನಿಗೂ ಅಲ್ಲ. ಹೊಳೆ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಮೊಸಳೆಗಳನ್ನು ಒಮ್ಮೆ ನೋಡಿದವರು ನೀರಿಗಿಳಿಯುವ ಮಾತು ತಾವಾಗಿಯೇ ಬಿಡುತ್ತಾರೆ.

ಈ ದಡದ ಶಿಬಿರಗಳು ಹುಟ್ಟಿದ್ದು ಮೀನಿನಿಂದ. ಮಹಶೀರ್ ಎಂದು ಹೊರಗಿನವರು ಕರೆಯುವ, ಕಾವೇರಿ ದಡದವರು ಬಿಳಿಮೀನು ಎನ್ನುವ ಈ ಮೀನು ಬೆಳೆದರೆ ಆಳಿನ ತೂಕ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮೀನನ್ನು ಗಾಳಕ್ಕೆ ಕೆಡವಿದ್ದು ಇಂದಿಗೂ ಗಾಳದವರ ಬಾಯಲ್ಲಿರುವ ದಾಖಲೆ. ಭೀಮೇಶ್ವರಿಯಲ್ಲಿ ಹಿಡಿದ ಮೀನನ್ನು ತೂಗಿ, ಫೋಟೋ ತೆಗೆದು, ಹೊಳೆಗೇ ಬಿಡುವ ಪದ್ಧತಿ ಇತ್ತು. ವನ್ಯಧಾಮದೊಳಗೆ ಗಾಳ ಹಾಕುವುದು ನಿಂತ ಮೇಲೆ ಶಿಬಿರಗಳು ತೆಪ್ಪ, ಕಯಾಕ್, ಹಗ್ಗದಾಟಗಳತ್ತ ಹೊರಳಿದವು. ಗೂನುಬೆನ್ನಿನ ಈ ಬಿಳಿಮೀನು ಜಗತ್ತಿನಲ್ಲೇ ಕಾವೇರಿ ಕೊಳ್ಳ ಬಿಟ್ಟು ಬೇರೆಲ್ಲೂ ಇಲ್ಲ. ಇಷ್ಟು ದೊಡ್ಡ, ಇಷ್ಟು ಹೆಸರುವಾಸಿಯಾದ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ಸರಿಯಾದ ವೈಜ್ಞಾನಿಕ ಹೆಸರು ಗೊತ್ತುಮಾಡಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಶಿಬಿರದ ಅತಿಥಿಗಳಿಗೆ ಸಂಜೆ ಹೇಳಬೇಕಾದ ಕತೆಗಳಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ಡೇರೆಯ ವೈಭವವನ್ನು ಈ ನಾಡು ಹಿಂದೆ ಕಂಡದ್ದು ಕಬಿನಿಯ ದಡದಲ್ಲಿ. ಮಾಸ್ತಿಯವರ ನಾಟಕದಿಂದ ಕನ್ನಡಿಗರೆಲ್ಲರಿಗೆ ಹೆಸರು ಗೊತ್ತಿರುವ ಕಾಕನಕೋಟೆಯಲ್ಲಿ ಮೈಸೂರು ಅರಸರು ಖೆಡ್ಡಾ ನಡೆಸುತ್ತಿದ್ದರು. ಕಾಡಾನೆಗಳ ಹಿಂಡನ್ನು ಹೊಳೆ ದಾಟಿಸಿ, ಮರದ ದಿಮ್ಮಿಗಳ ಕೋಟೆಯೊಳಗೆ ನುಗ್ಗಿಸುವ ಆ ಕಾರ್ಯವನ್ನು ನೋಡಲು ವೈಸರಾಯರು, ರಾಜಮನೆತನದವರು ಬಂದಾಗ ಕಾಡಿನ ನಡುವೆ ಡೇರೆಗಳ ಊರೇ ಏಳುತ್ತಿತ್ತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮೂರು ವರ್ಷಕ್ಕೆ ಬೀಚನಹಳ್ಳಿಯಲ್ಲಿ ಕಬಿನಿಯ ಅಣೆಕಟ್ಟು ಮುಗಿದು, ಖೆಡ್ಡಾ ನಡೆಯುತ್ತಿದ್ದ ನೆಲ ಹಿನ್ನೀರಿನಲ್ಲಿ ಮುಳುಗಿತು. ಆನೆ ಹಿಡಿಯುತ್ತಿದ್ದ ಆ ನೆಲವೇ ಇಂದು ಆನೆ ನೋಡುವುದಕ್ಕೆ ದೇಶದಲ್ಲೇ ಹೆಸರಾದ ಜಾಗ. ಕಾರಣ ಸರಿಯುವ ದಡ. ಬೇಸಿಗೆಯಲ್ಲಿ ಬಂಡೀಪುರ, ನಾಗರಹೊಳೆಯ ಕಾಡೆಲ್ಲ ಒಣಗಿ ಕಂದಾಗುವ ಹೊತ್ತಿಗೆ ಕಬಿನಿಯ ನೀರು ಇಳಿಯುತ್ತದೆ. ಹೊರಬಿದ್ದ ತೇವದ ಮಣ್ಣಿನಲ್ಲಿ ಎಳೆ ಹುಲ್ಲು ಚಿಗುರುತ್ತದೆ. ಮೇವು, ನೀರು ಎರಡೂ ಒಂದೇ ಕಡೆ ಸಿಗುವುದರಿಂದ ಎರಡೂ ಕಾಡಿನ ಆನೆಗಳು ಮಾರ್ಚ್‌ನಿಂದ ಮೇ ತಿಂಗಳವರೆಗೆ ಅಲ್ಲಿಗೆ ಇಳಿಯುತ್ತವೆ, ನೂರಾರು ಸಂಖ್ಯೆಯಲ್ಲಿ. ಮೊದಲ ಮಳೆ ಬಿದ್ದು ಕಾಡು ಹಸಿರಾದ ಕೂಡಲೇ ಚದುರಿಹೋಗುತ್ತವೆ. ‘ಪಾಪಾ’ ಎಂದೇ ಎಲ್ಲರೂ ಕರೆಯುತ್ತಿದ್ದ, ಶಿಬಿರದ ಹಿರಿಯರಾದ ಕರ್ನಲ್ ಜಾನ್ ವೇಕ್‌ಫೀಲ್ಡ್ ಇದನ್ನು ವರ್ಷವರ್ಷವೂ ನೋಡುತ್ತ, 2010ರಲ್ಲಿ ತೀರಿಕೊಳ್ಳುವವರೆಗೂ ಕಾರಾಪುರದ ಶಿಬಿರದಲ್ಲೇ ಉಳಿದರು.

ಭದ್ರೆಯಲ್ಲಿ ಇದೇ ಲೆಕ್ಕಾಚಾರ ಹಕ್ಕಿಗಳದ್ದು. ನೀರಿಳಿದಾಗ ಮೇಲೆದ್ದು ಬರುವ ಬೋಳು ದಿಬ್ಬಗಳ ಮೇಲೆ ರಿವರ್ ಟರ್ನ್ ಹಕ್ಕಿಗಳು ಗೂಡೆಂದು ಹೆಸರಿಗೊಂದು ಕುಳಿ ಮಾಡಿ ಮೊಟ್ಟೆ ಇಡುತ್ತವೆ. ಮರಿಗಳಿಗೆ ರೆಕ್ಕೆ ಬಲಿಯುವ ಮೊದಲೇ ನೀರು ಏರಿದರೆ ಆ ವರ್ಷದ ಸಂಸಾರ ಮುಳುಗಿದಂತೆ. ಲಕ್ಕವಳ್ಳಿಯ ಶಿಬಿರಕ್ಕೆ ರಿವರ್ ಟರ್ನ್ ಲಾಡ್ಜ್ ಎಂದು ಹೆಸರು ಬಂದದ್ದು ಇವುಗಳಿಂದ.

ಇಷ್ಟೆಲ್ಲ ಇದ್ದರೂ ಸರ್ಕಾರಿ ಶಿಬಿರದ ಒಂದು ರಾತ್ರಿಯ ದರ ಸಾಮಾನ್ಯ ಸಂಬಳದ ಕುಟುಂಬಕ್ಕೆ ಭಾರ. ಊಟ, ಸಫಾರಿ, ದೋಣಿ ಎಲ್ಲವನ್ನೂ ಕಟ್ಟಿಕೊಟ್ಟ ಪ್ಯಾಕೇಜದು, ಬರೀ ನೆಲವೊಂದನ್ನು ಬಾಡಿಗೆಗೆ ಕೊಡಿ ಎಂದು ಕೇಳಿ ಪಡೆಯುವ ಹಾಗಿಲ್ಲ. ಇದಕ್ಕೆ ಹೋಲಿಸಿ ನೋಡಬೇಕಾದದ್ದು ಕ್ಯಾಲಿಫೋರ್ನಿಯಾದ ಪದ್ಧತಿ. ಬೇ ಏರಿಯಾದಲ್ಲಿ ನೆಲೆಸಿದ ಕನ್ನಡದ ಮನೆಗಳಿಗೆ ಟಾಹೋ ಸರೋವರದ ದಡದ ಡಿ.ಎಲ್. ಬ್ಲಿಸ್‌ನಂಥ ರಾಜ್ಯ ಉದ್ಯಾನಗಳು ಬೇಸಿಗೆ ರಜೆಯ ಜಾಗ. ಬೆಂಗಳೂರಿನಲ್ಲಿ ‘ಸೈಟ್’ ಎಂದರೆ 30-40ರ ನಿವೇಶನ, ಅಲ್ಲಿ ಸೈಟ್ ಎಂದರೆ ನಂಬರು ಹಾಕಿದ ಒಂದು ತುಂಡು ನೆಲ, ಒಂದು ಮರದ ಮೇಜು, ಬೆಂಕಿಗೆ ಕಬ್ಬಿಣದ ಬಳೆ, ಕರಡಿ ಬಾಯಿ ಹಾಕದಂತೆ ಊಟ ಬಚ್ಚಿಡಲು ಉಕ್ಕಿನ ಪೆಟ್ಟಿಗೆ. ಡೇರೆ ನಮ್ಮದೇ. ಆರು ತಿಂಗಳ ಮುಂಚೆ ಬುಕಿಂಗ್ ತೆರೆಯುತ್ತದೆ, ಒಂದು ಸೈಟಿಗೆ ಎಂಟು ಜನ ಮೀರುವಂತಿಲ್ಲ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಸದ್ದು ಕೂಡದು. ನಿಯಮ ಬಿಗಿ, ಸೌಕರ್ಯ ಕನಿಷ್ಠ. ಹಾಗಾಗಿಯೇ ಅದು ವಿದ್ಯಾರ್ಥಿಗಳ ಕೈಗೂ ಎಟುಕುತ್ತದೆ.

ಅಂಥದ್ದೊಂದು ಇಲ್ಲಿಲ್ಲದ ಕೊರತೆಯನ್ನು ಮಂಚನಬೆಲೆ ತೋರಿಸಿಕೊಡುತ್ತದೆ. ಮಾಗಡಿ ಸೀಮೆಯಲ್ಲಿ ಅರ್ಕಾವತಿಗೆ ಕಟ್ಟಿದ ಈ ಜಲಾಶಯದ ಹಿಂದೆ ಸಾವನದುರ್ಗದ ಬಂಡೆ, ಮುಂದೆ ನೀಲಿ ನೀರು. ಈಜಬಾರದೆಂಬ ಫಲಕ ಇದ್ದೇ ಇದೆ. ಆದರೂ ವರ್ಷಗಳಿಂದ ಇಲ್ಲಿ ಬೆಂಗಳೂರಿನ ಎಳೆಯರು ಮುಳುಗುವ ಸುದ್ದಿ ಮತ್ತೆ ಮತ್ತೆ ಬರುತ್ತಿದೆ. ಅವರಲ್ಲಿ ಈಜು ಬರುತ್ತಿದ್ದವರೂ ಏಕೆ ಇರುತ್ತಾರೆ ಎಂಬುದು ಓದುವವರಿಗೆ ಅರ್ಥವಾಗುವುದಿಲ್ಲ. ಹಿನ್ನೀರಿನ ತಳ ಈಜುಕೊಳದ ತಳದಂತಲ್ಲ. ಮೊಣಕಾಲುದ್ದ ನೀರಿನಲ್ಲಿ ಹತ್ತು ಹೆಜ್ಜೆ ಆರಾಮಾಗಿ ನಡೆದವನ ಹನ್ನೊಂದನೇ ಹೆಜ್ಜೆ ಹಳೆಯ ಹೊಳೆಯ ದಂಡೆ ತಪ್ಪಿ ಎರಡಾಳು ಆಳಕ್ಕೆ ಬೀಳಬಹುದು. ಕೆಳಗೆ ಹಿಂದಿನ ಬಾವಿ ಇರಬಹುದು, ಕಲ್ಲು ತೆಗೆದ ಗುಂಡಿ ಇರಬಹುದು, ಬಟ್ಟೆಗೆ ಸಿಕ್ಕಿಕೊಳ್ಳುವ ಮರದ ಬೊಡ್ಡೆ ಇರಬಹುದು. ಹೂಳಿನಲ್ಲಿ ಕಾಲು ಹೂತರೆ ಎಳೆದಷ್ಟೂ ಹಿಡಿಯುತ್ತದೆ. ಮೇಲಿನ ನೀರು ಬೆಚ್ಚಗಿದ್ದು ಆಳದಲ್ಲಿ ಹಠಾತ್ತನೆ ತಣ್ಣಗಾದಾಗ ಉಸಿರು ಕಟ್ಟಬಹುದು. ಲೈಫ್ ಜಾಕೆಟ್ ಇಲ್ಲದೆ ಹಿನ್ನೀರಿಗೆ ಇಳಿಯಬಾರದು ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ಫಲಕ ಹಾಕಿ ತಡೆದರೆ ಸಾಲದು ಎಂಬುದು ಇಷ್ಟು ವರ್ಷಗಳ ಸಾವುಗಳಿಂದ ಕಲಿಯಬೇಕಾದದ್ದು. ಎಳೆಯರು ನೀರಿನ ಹತ್ತಿರ ಹೋಗಿಯೇ ಹೋಗುತ್ತಾರೆ. ಅಭಯಾರಣ್ಯದ ಹೊರಗೆ, ಆನೆಯ ದಾರಿ ಬಿಟ್ಟು, ಒಂದೆರಡು ಹಿನ್ನೀರುಗಳ ದಡದಲ್ಲಾದರೂ ರಾಜ್ಯವೇ ಕಡಿಮೆ ದರದ ಬಯಲು ಶಿಬಿರಗಳನ್ನು ತೆರೆಯಬೇಕು. ಐವತ್ತು ಡೇರೆಗಳಿಗೆ ಸಾಲುವ ನೆಲ, ಶೌಚಾಲಯ, ಕುಡಿಯುವ ನೀರು, ರಾತ್ರಿ ಕಾವಲಿಗೆ ಊರಿನವರೇ ಇಬ್ಬರು, ಗೊತ್ತುಮಾಡಿದ ಕಡೆ ಮಾತ್ರ ನೀರಿಗಿಳಿಯುವ ವ್ಯವಸ್ಥೆ. ಊಟವನ್ನು ದಡದ ಹಳ್ಳಿಯ ಮನೆಗಳೇ ಮಾಡಿಕೊಡಲಿ, ದುಡ್ಡು ಅವರಿಗೇ ಹೋಗಲಿ. ದೇವರಾಣೆಗೂ ಇದು ದೊಡ್ಡ ಬಂಡವಾಳದ ಕೆಲಸವಲ್ಲ.

ಹೀಗೆ ನಡೆಸಬಹುದು ಎಂಬುದಕ್ಕೆ ಸಾಗರ ತಾಲ್ಲೂಕಿನ ಹೊನ್ನೆಮರಡು ಸಾಕ್ಷಿ. ಲಿಂಗನಮಕ್ಕಿ ಹಿನ್ನೀರಿನ ದಡದ ಈ ಪುಟ್ಟ ಊರಿನಲ್ಲಿ ‘ದಿ ಅಡ್ವೆಂಚರರ್ಸ್’ ಎಂಬ ತಂಡ ದಶಕಗಳಿಂದ ಶಿಬಿರ ನಡೆಸುತ್ತ ಬಂದಿದೆ. ಅಲ್ಲಿ ಮಕ್ಕಳಿಗೆ ಮೊದಲ ಪಾಠವೇ ಲೈಫ್ ಜಾಕೆಟ್ ತೊಟ್ಟು ನೀರಿನ ಮೇಲೆ ತೇಲುವುದು. ಭಯ ಬಿಟ್ಟ ಮೇಲೆ ಹರಿಗೋಲು, ಹುಟ್ಟು, ಆಮೇಲೆ ನಡುಗಡ್ಡೆಯ ಡೇರೆ. ಬೆಂಗಳೂರಿನಿಂದ ರಾತ್ರಿ ತಾಳಗುಪ್ಪದ ರೈಲು ಹತ್ತಿದರೆ ಬೆಳಿಗ್ಗೆ ಆ ಸೀಮೆಯಲ್ಲಿ ಇಳಿಯಬಹುದು.

ಡೇರೆಯಲ್ಲಿ ಮೊದಲ ರಾತ್ರಿ ಕಳೆದವರ ದೂರು ಒಂದೇ: ಮಳೆಯಿಲ್ಲ, ಆದರೂ ಒಳಗೆಲ್ಲ ಒದ್ದೆ. ಬೆಳಿಗ್ಗೆ ಐದಕ್ಕೆ ಟಾರ್ಚ್ ಹಚ್ಚಿ ಮೇಲೆ ನೋಡಿದರೆ ನೈಲಾನಿನ ಒಳಮೈಯಲ್ಲಿ ಸಾಸಿವೆಕಾಳಿನಷ್ಟು ಹನಿಗಳು ಒತ್ತೊತ್ತಾಗಿ ಕೂತಿರುತ್ತವೆ. ಬೆರಳು ತಾಗಿದರೆ ಎರಡು ಹನಿ ಸೇರಿ ಮೂರನೆಯದನ್ನು ಎಳೆದುಕೊಂಡು ಜಾರಿ ದುಪ್ಪಟಿಗೆ ಬೀಳುತ್ತವೆ. ಅದು ಮಲಗಿದವರದೇ ಉಸಿರು. ಮೋಡವಿಲ್ಲದ ರಾತ್ರಿಯಲ್ಲಿ ಡೇರೆಯ ಬಟ್ಟೆ ತನ್ನ ಬಿಸಿಯನ್ನೆಲ್ಲ ಆಕಾಶಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನೀರಿನ ಪಕ್ಕದ ಗಾಳಿಯಲ್ಲಿ ಮೊದಲೇ ತೇವ ಹೆಚ್ಚು, ಉಸಿರಿನ ಆವಿ ಸೇರಿದರೆ ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಚಳಿಯೆಂದು ಕಿಂಡಿಗಳನ್ನೆಲ್ಲ ಮುಚ್ಚಿದಷ್ಟೂ ಒದ್ದೆ ಜಾಸ್ತಿ. ತಲೆ ಕಡೆ, ಕಾಲ ಕಡೆ ಎರಡೂ ಕಿಂಡಿ ತೆರೆದು ಗಾಳಿ ಆಡಲು ಬಿಡಬೇಕು. ತಣ್ಣನೆಯ ಗಾಳಿ ಭಾರ, ಅದು ನೀರಿನಂತೆ ತಗ್ಗಿಗೆ ಹರಿದು ನಿಲ್ಲುತ್ತದೆ. ದಡದ ಅಂಚಿಗಿಂತ ಐವತ್ತು ಹೆಜ್ಜೆ ಮೇಲಕ್ಕೆ, ತುಸು ಏರಿನಲ್ಲಿ ಡೇರೆ ಹಾಕಿದರೆ ಚಳಿಯೂ ಸೊಳ್ಳೆಯೂ ಕಡಿಮೆ. ಬತ್ತಿದ ಹಳ್ಳದ ಮರಳು ಮೆತ್ತಗಿದೆಯೆಂದು ಅಲ್ಲಿ ಮಲಗಬಾರದು. ಮಳೆ ಎಲ್ಲೋ ಮೇಲೆ ಬಿದ್ದರೂ ನೀರು ಬರುವ ದಾರಿ ಅದೇ. ಬೇಸಿಗೆಯಲ್ಲಿ ಬೆಂಕಿಯ ಮೋಹವನ್ನು ಪೂರ್ತಿ ಬಿಡಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟುಹೋದದ್ದನ್ನು ಕಂಡವರು ಒಣಹುಲ್ಲಿನ ಬಳಿ ಬೆಂಕಿಕಡ್ಡಿ ಗೀರಲಾರರು.

ಶರಾವತಿಯ ದಡಕ್ಕೆ ಹೋದವರು ತಿಳಿದಿರಬೇಕಾದದ್ದು ಇನ್ನೂ ಇದೆ. ಲಿಂಗನಮಕ್ಕಿಗಿಂತ ಮುಂಚೆ ಅದೇ ಹೊಳೆಗೆ ಮಡೇನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ದೊಡ್ಡ ಅಣೆಕಟ್ಟು ಬಂದಾಗ ಹಳೆಯದೇ ಮುಳುಗಿತು. ಮಳೆ ಕೈಕೊಟ್ಟ ವರ್ಷಗಳಲ್ಲಿ ನೀರು ತಳ ಮುಟ್ಟಿದಾಗ ಅದು ತನ್ನ ಸೈಫನ್ ಗೋಪುರಗಳ ಸಮೇತ ಮೇಲೆದ್ದು ನಿಲ್ಲುತ್ತದೆ, ಜನ ಗುಂಪುಗುಂಪಾಗಿ ನೋಡಲು ಹೋಗುತ್ತಾರೆ. ಅದರ ಸುತ್ತ ಮುಳುಗಿದ ಊರುಗಳ ಜನರು ವಿದ್ಯುತ್ತಿಗಾಗಿ ನೆಲ ಬಿಟ್ಟು ನಾಡಿಗೆ ಬೆಳಕು ಕೊಟ್ಟವರು. ಅವರಲ್ಲಿ ಹಲವರ ಮಕ್ಕಳು, ಮೊಮ್ಮಕ್ಕಳು ಬದಲಿ ಭೂಮಿಯ ಹಕ್ಕುಪತ್ರಕ್ಕಾಗಿ ಇವತ್ತಿಗೂ ಕಚೇರಿಗಳ ಮೆಟ್ಟಿಲು ಹತ್ತುತ್ತಿದ್ದಾರೆ. ನೀರಿನಿಂದ ಸುತ್ತುವರಿದು ಲಾಂಚನ್ನೇ ನಂಬಿದ್ದ ತುಮರಿ, ಕಳಸವಳ್ಳಿ ಕಡೆಯವರಿಗೆ ಅಂಬಾರಗೋಡ್ಲುವಿನ ಸೇತುವೆ ಸಿಕ್ಕಿದ್ದು 2025ರ ಜುಲೈನಲ್ಲಿ, ಅಣೆಕಟ್ಟು ಮುಗಿದು ಅರವತ್ತೊಂದು ವರ್ಷಕ್ಕೆ. ದಡದಲ್ಲಿ ಗೂಟ ಹೊಡೆಯುವಾಗ ಮಣ್ಣಿನಲ್ಲಿ ಹೆಂಚಿನ ಚೂರು ಸಿಕ್ಕರೆ ಅದು ಯಾರದೋ ಮನೆಯ ಮಾಡಿನದು.

ಭಾನುವಾರ ಸಂಜೆ ಬನಶಂಕರಿಗೋ ಜೆ.ಪಿ. ನಗರಕ್ಕೋ ಮರಳಿದ ಮೇಲೆ ಒಂದು ಕೆಲಸ ಉಳಿದಿರುತ್ತದೆ. ಒದ್ದೆ ಡೇರೆಯನ್ನು ಹಾಗೇ ಸುತ್ತಿ ಅಟ್ಟಕ್ಕೆ ಹಾಕಿದರೆ ಮುಂದಿನ ಸಲ ಬಿಚ್ಚಿದಾಗ ಬೂಷ್ಟು ಹಿಡಿದು ನಾರುತ್ತದೆ, ಮಳೆನೀರು ತಡೆಯುವ ಲೇಪವೂ ಕಿತ್ತುಬರುತ್ತದೆ. ತಾರಸಿಯ ಬಟ್ಟೆ ಹಗ್ಗದ ಮೇಲೆ ಒಳಮೈ ಹೊರಗೆ ಮಾಡಿ ಹರಡಿ, ಅರ್ಧ ದಿನ ಬಿಸಿಲು ಕಾಣಿಸಬೇಕು. ಗೂಟಗಳಿಗೆ ಮೆತ್ತಿದ ಕೆಸರು ಒಣಗಿ ತಾನಾಗಿ ಉದುರುತ್ತದೆ. ಜೂನ್ ಕಳೆದ ಮೇಲೆ ಬೆಂಗಳೂರಿನಲ್ಲಿ ಅಷ್ಟು ಬಿಸಿಲೂ ಸಿಗದು. ಅಷ್ಟರಲ್ಲಿ ವಯನಾಡಿನಲ್ಲಿ ಮಳೆ ಹಿಡಿದು, ಕಾವೇರಿ ಕೊಳ್ಳದ ಜಲಾಶಯಗಳಲ್ಲಿ ಸಾಮಾನ್ಯವಾಗಿ ಎಲ್ಲಕ್ಕಿಂತ ಮುಂಚೆ ತುಂಬುವ ಕಬಿನಿಯ ಅಂಕಿ ಪತ್ರಿಕೆಯ ಮೂಲೆಯಲ್ಲಿ ದಿನದಿನಕ್ಕೂ ಏರತೊಡಗುತ್ತದೆ. ಏಪ್ರಿಲಿನಲ್ಲಿ ಆನೆಗಳು ಮೇಯುತ್ತಿದ್ದ ಹುಲ್ಲುಬಯಲು ಆ ವೇಳೆಗೆ ನೀರೊಳಗಿರುತ್ತದೆ.